ಗಣಿಗೆ ನೀರು ತುಂಬಿದ ವರ್ಷ

ನಾನು ಮದುವೆಯಾಗಿ ಹೋದ ಊರು ಶಾಗ್ಯದಿಂದಾಚೆ ಗುಡ್ಡದ ಬುಡದಲ್ಲಿತ್ತು. ಚಿನ್ನದ ಗಣಿ ತೆಗೆದ ಮೇಲೆ ಹುಟ್ಟಿಕೊಂಡ ಊರು ಅದು. ಅಗರದಲ್ಲಿ ಗದ್ದೆ ಕೆಲಸ ಮಾಡುತ್ತಿದ್ದ ನನ್ನ ತವರಿನವರಿಗೆ, ಮಗಳು ಚಿನ್ನದೂರು ಸೇರಿದಳೆಂದು ಹಿಗ್ಗು. ಆ ಊರಿನ ಯಾವ ಹೆಂಗಸಿನ ಕಿವಿಯಲ್ಲೂ ನಾನು ಚಿನ್ನ ಕಾಣಲಿಲ್ಲ. ಗಂಡಸರು ಒಳಗಿಳಿದು ಚಿನ್ನ ಬೆರೆತ ಬಿಳಿಕಲ್ಲು ಒಡೆದು ಮೇಲಕ್ಕೆ ಕಳಿಸುತ್ತಿದ್ದರು. ನಾವು ಹೆಂಗಸರು ಅದನ್ನು ಸುತ್ತಿಗೆಯಿಂದ ಜಜ್ಜುತ್ತಿದ್ದೆವು. ಸಂಜೆ ಮುದ್ದೆ ಕಟ್ಟಲು ಕೂತರೆ ಬೆರಳು ಮಡಚಲು ಬರುತ್ತಿರಲಿಲ್ಲ.

ನಾನು ಹೋಗುವುದಕ್ಕೆ ಮುಂಚೆಯೇ ನನ್ನ ಗಂಡನ ಅಣ್ಣ, ಗಣಿ ಕುಸಿದು ಒಳಗೆ ಸಿಕ್ಕಿಕೊಂಡು ತೀರಿಹೋಗಿದ್ದರು. ಹೆಣ ತೆಗೆಯಲಾಗಲಿಲ್ಲ. ಅತ್ತೆ ಕೆಲಸಕ್ಕೆ ಕೂರುವ ಮುಂಚೆ ದಿನವೂ ಗಣಿಯ ಬಾಯಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು.

ಬರಬರುತ್ತ ಕಲ್ಲಿನಲ್ಲಿ ಚಿನ್ನ ಸಿಗುವುದು ಕಡಿಮೆಯಾಯಿತು. ಒಂದು ಬೇಸಿಗೆ ಗಣಿಯ ಮೇನೇಜರು ಕೆಲಸ ನಿಲ್ಲಿಸಿ, ಒಳಗಿನ ನೀರೆತ್ತುವ ಇಂಜಿನ್ನು ಬಿಚ್ಚಿಸಿ ಗಾಡಿಗಳ ಮೇಲೆ ಕೊಳ್ಳೇಗಾಲದ ಕಡೆ ಸಾಗಿಸಿದರು. ಮತ್ತೆ ತೆರೆಯುತ್ತಾರೆಂದು ಕೆಲವರು ಕಾದರು. ಕಾದು ಸಾಕಾಗಿ ಒಂದೊಂದೇ ಮನೆಯವರು ತೊಲೆ, ಬಾಗಿಲು ಕಿತ್ತುಕೊಂಡು ಹೊರಟರು. ಕಲ್ಲುದೂಳಿನಿಂದ ಕೆಮ್ಮು ಹಿಡಿದಿದ್ದ ನನ್ನ ಗಂಡನಿಗೆ ಇನ್ನೊಂದು ಗಣಿಗೆ ಇಳಿಯುವ ಶಕ್ತಿ ಇರಲಿಲ್ಲ. ಮಧುವನಹಳ್ಳಿಯಲ್ಲಿ ಹೊಲದ ಕೆಲಸ ಗೊತ್ತುಮಾಡಿಕೊಂಡು ಬಂದು, ಹೊರಡೋಣ ಎಂದು ತಮ್ಮ ಅವ್ವನನ್ನು ಕರೆದರು.

“ನೀವು ಓಗಿ ಕಣ್ಲಾ,” ಅಂದರು ಅತ್ತೆ. “ದೊಡ್ಡವ ಒಳಗವ್ನೆ. ಅವುನ್ನ ಒಬ್ನೇ ಬುಟ್ಟು ನಾ ಬರಕಿಲ್ಲ.”

ಇವರು ಬಲವಂತ ಮಾಡಲಿಲ್ಲ. ಜಗಳವಾಡುವಷ್ಟು ಉಸಿರು ಇವರಲ್ಲಿ ಉಳಿದಿರಲಿಲ್ಲ. ರಾಗಿ, ಸೌದೆ ಇಟ್ಟು, ಊರಲ್ಲೇ ಉಳಿದಿದ್ದ ಪಕ್ಕದ ಮನೆಯ ಮುದುಕಿಗೆ ನೋಡಿಕೊಳ್ಳಲು ಹೇಳಿ ನಾವು ಹೊರಟೆವು. ಆಗಾಗ ಇವರು ನಡೆದು ಹೋಗಿ ನೋಡಿಕೊಂಡು ಬರುತ್ತಿದ್ದರು. ಪ್ರತಿಸಲವೂ ಕರೆಯುತ್ತಿದ್ದರು, ಅತ್ತೆ ಒಲ್ಲೆ ಅನ್ನುತ್ತಿದ್ದರು.

ಆ ವರ್ಷ ಮಳೆ ಜೋರಾಗಿತ್ತು. ರಾಗಿ ಕುಯ್ಲಿಗೆ ಮುಂಚೆ ಒಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಗಂಟು ಹೊತ್ತು ಬಂದರು. ಪಾದ ಊದಿಕೊಂಡಿತ್ತು. ನಾನು ನೀರು ಕೊಟ್ಟೆ. ಕುಡಿದು ಗೋಡೆಗೆ ಒರಗಿದರು.

“ಗಣಿಗೆ ಬಾಯ್ಮಟ ನೀರ್ ತುಂಬ್ಕಂಡದೆ ಕಣವ್ವ,” ಅಂದರು. “ನೋಡಿದ್ರೆ ಒಂದ್ ಕೆರೆ ಇದ್ದಂಗದೆ. ಅವ್ನು ಎಲ್ಲವ್ನೆ ಅಂತ ನಿಂತ್ಕಳ್ಲಿ?”

ಇವರು ಹೊಲದಿಂದ ಬಂದು ಅವ್ವನನ್ನು ನೋಡಿದರು. ಪಕ್ಕದಲ್ಲಿ ಕೂತು ಅವರ ಕಾಲು ಒತ್ತಿದರು. ಅತ್ತೆ ಕೂತಲ್ಲೇ ನಿದ್ದೆಹೋದರು. ಮೈ ಸುಧಾರಿಸಿದ ಮೇಲೆ, ಬೇಡವೆಂದರೂ ಕೇಳದೆ, ಕುಡುಗೋಲು ಹಿಡಿದು ನಮ್ಮ ಜೊತೆ ಕುಯ್ಲಿಗೆ ಬಂದರು.