ಒಡ್ಡಿನ ಮೇಲೆ ನಿಂತ ಗ್ಯಾಸ್ ಗಾಡಿ

ಈ ಪ್ರಯಾಣದಲ್ಲಿ ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆಯುತ್ತೇನೆಂದು ಮಾತು ಕೊಡಲಾರೆ. ದಾರಿ ನೆನಪಿದೆ, ತಿಂದದ್ದು ನೆನಪಿದೆ, ಮಂಜಂತೂ ಮೈಮೇಲೆ ಇನ್ನೂ ಇದೆ. ಆದರೆ ಒಂದು ಪೆಟ್ರೋಲ್ ಬಂಕಿನಲ್ಲಿ ಕಳೆದ ಐದಾರು ನಿಮಿಷ ನನಗೆ ಎರಡು ರೀತಿಯಲ್ಲಿ ನೆನಪಿದೆ. ಒಂದರಲ್ಲಿ ಗ್ಯಾಸ್ ಟ್ಯಾಂಕಿನ ವಾಲ್ವಿನ ಮೇಲೆ ಇರುವುದು ನನ್ನ ಕೈ. ಇನ್ನೊಂದರಲ್ಲಿ ವಿರೂಪಾಕ್ಷನ ಕೈ. ಎರಡೂ ನಿಜವಾಗಿರಲು ಸಾಧ್ಯವಿಲ್ಲ ಎನ್ನುವಷ್ಟು ವಿಜ್ಞಾನ ನಾನು ಓದಿದ್ದೇನೆ. ಯಾವುದು ನಿಜ ಎಂದು ಹೇಳುವಷ್ಟು ಧೈರ್ಯ ಬಹಳ ದಿನ ಇರಲಿಲ್ಲ.

ತೊಂಬತ್ತೆಂಟರ ಫೆಬ್ರವರಿ. ನಾನು ಆಗ ಡಚ್ಚರ ನಾಡಿನ ನೈಮೆಗನ್‌ನಲ್ಲಿ ಸಂಶೋಧನೆಗಿದ್ದೆ. ಎರಡು ವರ್ಷದಲ್ಲಿ ನಾಲ್ಕು ಕೋಣೆ ಬದಲಿಸಿ, ಐದನೆಯದನ್ನು ಹುಡುಕುತ್ತಿದ್ದೆ. ಶನಿವಾರ ಬೆಳಿಗ್ಗೆ ಮೊದಲ ರೈಲು ಹಿಡಿದು, ಆರ್ನೆಮ್‌ನಲ್ಲಿ ಬದಲಿಸಿ, ಆಮೇಲೆ ಬಸ್ಸಿನಲ್ಲಿ ವಾಗೆನಿಂಗನ್ ತಲುಪಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ವಿರೂಪಾಕ್ಷ ತನ್ನ ಪಿಕಪ್ ಗಾಡಿಯ ಪಕ್ಕದಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಗದಗದವನು, ಈರುಳ್ಳಿ ಬೀಜದ ಮೇಲೆ ಸಂಶೋಧನೆ ಮಾಡುತ್ತಿದ್ದ. ಅಂದು ನಾವು ಉತ್ತರದ ಫ್ರೀಸ್‌ಲ್ಯಾಂಡಿಗೆ ಹೋಗಿ, ಆ ಗಾಡಿಯನ್ನು ಒಬ್ಬ ಕುರಿ ಸಾಕುವವನಿಗೆ ಕೊಟ್ಟು, ಮೇಲಿಷ್ಟು ದುಡ್ಡು ಹಾಕಿ ಅವನ ಡೀಸೆಲ್ ಪಿಕಪ್ ತರಬೇಕಿತ್ತು.

ಸಾಸಿವೆ ಬಣ್ಣದ ಆ ಗಾಡಿ ನನಗಿಂತ ನಾಲ್ಕೇ ವರ್ಷ ಚಿಕ್ಕದು. ಅವನ ವಿಭಾಗದಲ್ಲಿ ಹೊಲದ ಕೆಲಸ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ನಿವೃತ್ತರಾಗುವಾಗ ಹೆಸರಿಗೊಂದು ಬೆಲೆ ತೆಗೆದುಕೊಂಡು ಇವನಿಗೆ ಕೊಟ್ಟಿದ್ದರು. ರಸ್ತೆಯ ಬಲಗಡೆ ಓಡಿಸುವುದನ್ನು ಕಲಿಸಿದವರೂ ಅವರೇ. ಹುಟ್ಟಿದಾಗ ಅದು ಪೆಟ್ರೋಲ್ ಗಾಡಿ. ಆಮೇಲೆ ಯಾರೋ ಗ್ಯಾಸ್ ಕೂರಿಸಿದ್ದರು. ಕ್ಯಾಬಿನ್ ಹಿಂದೆ, ಸಾಮಾನು ಹಾಕುವ ಜಾಗದ ಕಾಲುಭಾಗವನ್ನು ನುಂಗಿಕೊಂಡು ಉದ್ದನೆಯ ಟ್ಯಾಂಕು ಮಲಗಿತ್ತು. ಅದರ ತುಕ್ಕು ಹಿಡಿದ ವಾಲ್ವಿಗೆ ಹಿಂದಿನ ಸಂಜೆ ಕೆಂಪು ಬಣ್ಣ ಬಳಿದಿದ್ದ.

"ಕನ್ಯಾ ತೋರ್ಸಾಕ ಹೊಂಟೀವೋ ಮೂರ್ತಿ, ಒಂದೀಟು ಕುಂಕುಮ ಬ್ಯಾಡೇನು?" ಎಂದ.

"ಇನ್ನೂ ಒಣಗೇ ಇಲ್ವಲ್ಲೋ."

"ಈ ಚಳ್ಯಾಗ ಹಾಸಿದ ಅರಿವಿ ಒಣಗವಲ್ದು, ಬಣ್ಣ ಎಲ್ಲಿ ಒಣಗತೈತಿ? ಹತ್ತು, ಹತ್ತು."

ಹತ್ತುವ ಮುಂಚೆ ಆ ವಾಲ್ವನ್ನು ಎರಡು ಬೆರಳಲ್ಲಿ ಹುಷಾರಾಗಿ ಹಿಡಿದು ತಿರುಗಿಸಿ ತೆರೆದ. ರಾತ್ರಿ ಮುಚ್ಚುವುದು, ಬೆಳಿಗ್ಗೆ ತೆರೆಯುವುದು ಅವನ ರೂಢಿ. ಇಲ್ಲಿಯವರು ಯಾರೂ ಹಾಗೆ ಮಾಡುವುದಿಲ್ಲ. ಗಾಡಿ ಬಿಚ್ಚುವಾಗ ಬಿಟ್ಟರೆ ಅದನ್ನು ಮುಟ್ಟುವುದೇ ಇಲ್ಲವಂತೆ. ಆದರೆ ಗದಗದಲ್ಲಾಗಲಿ ಮೈಸೂರಿನಲ್ಲಾಗಲಿ, ಮಲಗುವ ಮುಂಚೆ ಸಿಲಿಂಡರ್ ಆಫ್ ಮಾಡಿದೆಯಾ ಎಂದು ಕೇಳದ ಅಮ್ಮಂದಿರಿಲ್ಲ. ನಾವು ಅವರ ಮಕ್ಕಳು.

ಡೀಮೆನ್‌ನಲ್ಲಿ ತಿಂಡಿಗೆ ನಿಲ್ಲಿಸಿದೆವು. ಅಲ್ಲಿನ ಏಳನೆಯ ಮಹಡಿಯ ಫ್ಲಾಟಿನಲ್ಲಿ ಬೆಂಗಳೂರಿನ ರಘು ಇದ್ದ, ಸಾಫ್ಟ್‌ವೇರಿನವನು. ಅವಲಕ್ಕಿ ಒಗ್ಗರಣೆ ಹಾಕಿ, ಉಳಿದದ್ದನ್ನು ಡಬ್ಬಿಗೆ ತುಂಬಿಕೊಟ್ಟ. ಕಿಟಕಿಯಿಂದ ಗಾಡಿಯನ್ನು ನೋಡಿ ನಕ್ಕ.

"ಇದನ್ನ ಎಕ್ಸ್‌ಚೇಂಜ್‌ಗೆ ತಗೋತಾನಾ ಗುರು ಅವನು? ಕಣ್ಣು ಟೆಸ್ಟ್ ಮಾಡಿಸ್ಕೊಂಡಿದಾನಾ? ಮೊದ್ಲು ಕೊಟ್ಬಿಟ್ಟು ಬನ್ನಿ. ಡೀಸೆಲ್ ಈಸ್ ಡೀಸೆಲ್."

"ಟ್ಯಾಕ್ಸ್ ಜಾಸ್ತಿ ಕಣೋ ಡೀಸೆಲ್‌ಗೆ," ಎಂದೆ.

"ಟ್ಯಾಕ್ಸ್ ಕಟ್ಟಿದ್ರೆ ಗಾಡಿ ಹೊರಡತ್ತೆ. ಇದು ಏನು ಕಟ್ಟಿದ್ರೂ ಹೊರಡಲ್ಲ."

ಮತ್ತೆ ಹೊರಟೆವು. ಹೆದ್ದಾರಿಯ ಎರಡೂ ಕಡೆ ನೀರು ನಿಂತ ಹೊಲಗಳು, ಅವುಗಳ ಮೇಲೆ ಬಿಳಿಯ ಆವಿ. ಹಸುಗಳಿಲ್ಲದ ಕಾಲ. ಗಾಡಿ ಒಂದೇ ಸಮನೆ ಗುನುಗುತ್ತಿತ್ತು. ಗ್ಯಾಸಿನ ಮೇಲೆ ಅದರ ದನಿ ಮೆತ್ತಗೆ. ನನಗೆ ನಿದ್ದೆಯೂ ಎಚ್ಚರವೂ ಅಲ್ಲದ ಒಂದು ಸುಖ.

"ಡೀಸೆಲ್ ಆದ್ರ ಭಾರ ಜಗ್ಗತೈತಿ," ಎಂದ ವಿರೂಪಾಕ್ಷ ಇದ್ದಕ್ಕಿದ್ದಂತೆ. "ಹಿಂದ ಟ್ಯಾಂಕಿಲ್ಲ, ನಾಕು ಚೀಲ ಹೆಚ್ಚಿಗಿ ಹಿಡಸ್ತಾವು. ಗ್ಯಾಸು ಸಸ್ತಾ, ಹೊಗಿ ಇಲ್ಲ. ಆದ್ರ ಬಂಕ್ ಹುಡಕ್ಕೋಂತ ಹೋಗಬೇಕು. ಕರ ಎರಡಕ್ಕೂ ಐತಿ. ಹಳೀದು ಇಪ್ಪತ್ತೈದು ವರ್ಷ ದಾಟಿದ್ರ ಕರ ಇಲ್ಲಂತ, ಅದಕ್ಕ ಇನ್ನೂ ವರ್ಷ ಬೇಕು."

"ನಿನಗೇನನ್ಸತ್ತೆ?"

"ನನಗ ಈ ವರ್ಷ ನಿಲ್ಲದ ಗಾಡಿ ಬೇಕೋ ಮೂರ್ತಿ, ಅಷ್ಟ."

ಅವನ ಬೀಜದ ಈರುಳ್ಳಿ ನಾಲ್ಕು ಕಡೆಯ ಹೊಲಗಳಲ್ಲಿತ್ತು. ಬೇಸಿಗೆಯಲ್ಲಿ ಕಿತ್ತ ದಿನವೇ ಪ್ರಯೋಗಾಲಯಕ್ಕೆ ತರಬೇಕು. ಒಂದು ವಾರ ತಪ್ಪಿದರೆ ಆ ವರ್ಷದ ಕೆಲಸ ಕೊಳೆತ ಹಾಗೆ. ವಿಭಾಗದ ಗಾಡಿಗೆ ಸರದಿ ಹಚ್ಚಬೇಕು. ಶರತ್ಕಾಲಕ್ಕೆ ವೀಸಾ ಮುಗಿಯುತ್ತಿತ್ತು. ಮತ್ತೊಂದು ವರ್ಷ ಅವನಿಗೆ ಇರಲಿಲ್ಲ. ಗ್ಯಾಸ್ ರೆಗ್ಯುಲೇಟರಿನ ಒಳಗಿನ ರಬ್ಬರು ಹಳತಾಗಿದೆ, ಎಂದಾದರೂ ಹರಿಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ ದಿನದಿಂದ ಅವನಿಗೆ ಅದೇ ಚಿಂತೆ.

ಹತ್ತಿರದ ದಾರಿ ಬೇರೆ ಇತ್ತು. ಸಮುದ್ರವನ್ನು ಮುಚ್ಚಿದ ದೊಡ್ಡ ಒಡ್ಡಿನ ಮೇಲೆ ಹೋಗೋಣ, ನಾನು ನೋಡಿಲ್ಲ ಎಂದು ಹಟ ಮಾಡಿದವನು ನಾನು. ಇದರಲ್ಲಿ ಅನುಮಾನವಿಲ್ಲ.

ಒಡ್ಡಿಗೆ ಸ್ವಲ್ಪ ಮುಂಚೆ, ಡೆನ್ ಊವರ್ ಎಂಬಲ್ಲಿ ಬಂಕ್ ಸಿಕ್ಕಿತು. ವಿರೂಪಾಕ್ಷ ಗ್ಯಾಸ್ ತುಂಬಿಸಿದ. ಪೆಟ್ರೋಲ್ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಆ ಮುಳ್ಳು ಸದಾ ಅರ್ಧ ತೋರಿಸುತ್ತಿತ್ತು. ಗಾಡಿ ಶುರು ಮಾಡಲು ಬೇಕಾದಷ್ಟೇ ಪೆಟ್ರೋಲ್ ಇಟ್ಟುಕೊಳ್ಳುತ್ತಿದ್ದ. ನಾನು ಅಂಗಡಿಗೆ ಹೋಗಿ ಹನ್ನೆರಡು ಗಿಲ್ಡರ್ ಕೊಟ್ಟು ಬೂದು ಬಣ್ಣದ ಉಣ್ಣೆಯ ಕೈಗವಸು ಕೊಂಡು, ಅಲ್ಲೇ ಹಾಕಿಕೊಂಡು ಹೊರಗೆ ಬಂದೆ. ಅವನು ನಳಿಕೆ ತೆಗೆದಾಗ ಗ್ಯಾಸು ಒಮ್ಮೆ ಬುಸ್ ಎಂದಿತು. ಆ ವಾಸನೆ! ಮೈಸೂರಿನ ಅಡುಗೆಮನೆಯ ವಾಸನೆ. ಅವನು ಹಣ ಕೊಡಲು ಒಳಗೆ ಹೋದ. ನಾನು ಗಾಡಿಯನ್ನು ಒಂದು ಸುತ್ತು ಹಾಕಿದೆ. "ಮೊದಲು ಸಿಲಿಂಡರ್ ಆಫ್ ಮಾಡೋ," ಎಂದು ಅಮ್ಮನ ದನಿ ಕೇಳಿದ ಹಾಗೆ ನೆನಪು. ಕೈ ಚಾಚಿದೆನೇ? ಅಥವಾ ಅವನೇ ವಾಪಸು ಬಂದು, ಬಗ್ಗಿ, ಏನೋ ತಿರುಗಿಸಿದನೇ? ಅಲ್ಲಿಂದಲೇ ಮಂಜು ಶುರುವಾಯಿತು, ಹೊರಗೂ ಒಳಗೂ.

ಒಡ್ಡು ಮೂವತ್ತೆರಡು ಕಿಲೋಮೀಟರ್ ಉದ್ದ. ಬಲಕ್ಕೆ ಸರೋವರ, ಎಡಕ್ಕೆ ಹುಲ್ಲಿನ ಏರಿ, ಅದರಾಚೆ ಕಾಣದ ಸಮುದ್ರ. ಮಂಜಿನಲ್ಲಿ ಬಲಗಡೆಯ ನೀರಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಗಿತ್ತು. ಮುಂದಿನ ಐವತ್ತು ಮೀಟರ್ ರಸ್ತೆ ನಮಗಾಗಿ ಆಗಷ್ಟೇ ಹುಟ್ಟಿ, ನಾವು ದಾಟಿದ ಮೇಲೆ ಇಲ್ಲವಾಗುತ್ತಿತ್ತು. ಮಾತು ಬೇಡವೆನಿಸಿತು. ಹೀಗೇ ಹೋಗುತ್ತಿದ್ದರೆ ಯಾವ ಊರೂ ಬರಬೇಕಾಗಿಲ್ಲ ಎಂದುಕೊಂಡೆ.

ವಿರೂಪಾಕ್ಷ ಪೆಟ್ರೋಲಿನಿಂದ ಗ್ಯಾಸಿಗೆ ಸ್ವಿಚ್ ಹಾಕಿದ. ಸ್ವಲ್ಪ ದೂರ ಓಡಿ ಗಾಡಿ ಕೆಮ್ಮಿತು. ಮತ್ತೆ ಪೆಟ್ರೋಲಿಗೆ ಹಾಕಿದ, ಓಡಿತು. ಗ್ಯಾಸ್, ಕೆಮ್ಮು. ಪೆಟ್ರೋಲ್. ಕೊನೆಗೆ ಅದೂ ಮುಗಿದು, ದಂಡೆಯ ಮೇಲೆ ಕಲ್ಲಿನ ಗೋಪುರವೊಂದು ಕಾಣುವಷ್ಟರಲ್ಲಿ ಗಾಡಿ ಸದ್ದಿಲ್ಲದೆ ಉರುಳಿ ನಿಂತಿತು.

ಅವನು ಬಾನೆಟ್ ಎತ್ತಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತ.

"ರಬ್ಬರ್ ಹರೀತು," ಎಂದ. "ಆತು. ಇದ ಜೂನ್ ತಿಂಗಳದಾಗ ಆಗಿದ್ರ ನನ್ನ ಕತಿ ಮುಗೀತಿತ್ತು."

ಗೋಪುರದ ಬುಡದಲ್ಲಿ ಕಾಫಿ ಅಂಗಡಿ ಇತ್ತು. ಅಲ್ಲಿಂದ ಫೋನ್ ಮಾಡಿದ. ಸುಮಾರು ಮುಕ್ಕಾಲು ಗಂಟೆಯ ಮೇಲೆ ಮಂಜನ್ನು ಸೀಳಿಕೊಂಡು ಎರಡು ಹಳದಿ ದೀಪ ಬಂದವು. ಕುರಿಗಳ ಯಜಮಾನ ಶೂರ್ಡ್, ಅರವತ್ತರ ಆಸಾಮಿ, ಯಾವ ಡೀಸೆಲ್ ಪಿಕಪ್ಪನ್ನು ಮಾರಬೇಕೆಂದಿದ್ದನೋ ಅದರಲ್ಲೇ ಬಂದಿದ್ದ. ಹಗ್ಗ ಕಟ್ಟಿದ. ವಿರೂಪಾಕ್ಷ ಹಳೆಯದರ ಸ್ಟೇರಿಂಗ್ ಹಿಡಿದ. ನಾನು ಡೀಸೆಲ್‌ನಲ್ಲಿ ಶೂರ್ಡ್ ಪಕ್ಕ ಕೂತೆ. ಸಾಲಗಾರನನ್ನು ಎಳೆದೊಯ್ಯುವವನ ಹಾಗೆ ಅದು ನಮ್ಮ ಗಾಡಿಯನ್ನು ಎಳೆಯಿತು, ಬೆವರದೆ.

"ಒಳ್ಳೆ ಗಾಡಿ," ಎಂದೆ ಇಂಗ್ಲಿಷಿನಲ್ಲಿ. ನಿಜಕ್ಕೂ ಒಳ್ಳೆಯದೇ.

"ಒಳ್ಳೆಯದೇ. ದಿನಾ ಓಡಿಸುವವನಿಗೆ," ಎಂದ ಶೂರ್ಡ್. "ನಿಮ್ಮ ಸ್ನೇಹಿತರು ವರ್ಷಕ್ಕೆ ಎಷ್ಟು ದಿನ ಓಡಿಸುತ್ತಾರೆ?"

"ನಲವತ್ತು ಇರಬಹುದು."

"ಹಾಗಾದರೆ ಉಳಿದ ದಿನ ಇದು ನಿಂತಿರುವುದಕ್ಕೆ ಕರ ಕಟ್ಟುತ್ತಾರೆ." ಸ್ವಲ್ಪ ತಡೆದು, "ಮಾರುವವನು ಹೀಗೆ ಮಾತಾಡಬಾರದು. ನನ್ನ ಹೆಂಡತಿಗೆ ಹೇಳಬೇಡಿ," ಎಂದು ಕಣ್ಣು ಮಿಟುಕಿಸಿದ.

ಕನ್ನಡಿಯಲ್ಲಿ ಸಾಸಿವೆ ಬಣ್ಣದ ಚುಕ್ಕೆ ಮಂಜಿನಲ್ಲಿ ಮುಳುಗಿ ಏಳುತ್ತಿತ್ತು. ಹಗ್ಗ ಕಾಣುತ್ತಿರಲಿಲ್ಲ. ತಾನಾಗಿಯೇ ನಮ್ಮ ಹಿಂದೆ ಬರುತ್ತಿದೆ ಎನಿಸುತ್ತಿತ್ತು.

ಶೂರ್ಡ್‌ನ ಅಂಗಳದಲ್ಲಿ ಬಟಾಣಿ ಸಾರು ಕುಡಿದು — ಮಾಂಸ ಹಾಕದ್ದನ್ನು ಅವನ ಹೆಂಡತಿ ನಮಗೆಂದು ಬೇರೆ ಮಾಡಿದ್ದಳು — ವಿರೂಪಾಕ್ಷ, ಶೂರ್ಡ್ ಇಬ್ಬರೂ ವ್ಯಾಪಾರಕ್ಕೆ ನಿಂತರು. ಕುರಿ ದನ ಮಾರುವಾಗ ಇಲ್ಲಿ ಒಬ್ಬೊಬ್ಬರೂ ಬೆಲೆ ಹೇಳುತ್ತ ಒಬ್ಬರ ಅಂಗೈಗೆ ಇನ್ನೊಬ್ಬರು ಅಂಗೈ ಬಡಿಯುತ್ತಾರೆ. ಇಬ್ಬರಿಗೂ ಒಪ್ಪಿಗೆಯಾದ ಬೆಲೆಗೆ ಬೀಳುವ ಪೆಟ್ಟೇ ಕೊನೆಯ ಮಾತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಕುರಿಯ ಹಾಗೆಯೇ ಗಾಡಿಯನ್ನೂ ಶೂರ್ಡ್ ಹೀಗೆಯೇ ಮಾರುವವನು. ಹಳೆಯದನ್ನು ಬಿಡಿಭಾಗಕ್ಕೆ ಬಿಚ್ಚಿಕೊಳ್ಳಲು ಅವನ ಅಣ್ಣನ ಮಗ ಕಾದಿದ್ದ. ಚಟ್, ಚಟ್ ಎಂದು ಬೆಲೆ ಏರಿತು, ಇಳಿಯಿತು. ವಿರೂಪಾಕ್ಷ ಹೆಚ್ಚು ಜಗ್ಗಾಡಲಿಲ್ಲ. "ಆತು," ಎಂದು ಕನ್ನಡದಲ್ಲೇ ಹೇಳಿ ಅಂಗೈ ಚಾಚಿದ. ಕಣ್ಣು ಸಾಸಿವೆ ಬಣ್ಣದ ಕಡೆ ಇರಲಿಲ್ಲ.

ಶೂರ್ಡ್ ಎತ್ತಿದ ಕೈಯನ್ನು ಅಲ್ಲೇ ತಡೆದ. "ಒಂದು ನಿಮಿಷ. ಇದು ನನ್ನ ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಮೊದಲು ಗ್ಯಾಸ್ ಮುಚ್ಚುತ್ತೇನೆ."

ಹಿಂದೆ ಹೋಗಿ ಬಗ್ಗಿದ. ವಾಲ್ವನ್ನು ತಿರುಗಿಸಲು ನೋಡಿದ. ಮತ್ತೊಮ್ಮೆ ನೋಡಿದ.

"ಇದು ಮುಚ್ಚಿಯೇ ಇದೆಯಲ್ಲ?"

ಸುಮ್ಮನೆ ಇದ್ದುಬಿಟ್ಟಿದ್ದರೆ ವ್ಯಾಪಾರ ಮುಗಿಯುತ್ತಿತ್ತು ಎಂದು ಶೂರ್ಡ್‌ಗೂ ಗೊತ್ತಿತ್ತು. ಅವನು ಅದನ್ನು ತೆರೆದು, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಇಟ್ಟಿದ್ದ ಪೆಟ್ರೋಲ್ ಒಂದು ಲೀಟರ್ ಸುರಿದು, ಗಾಡಿ ಶುರು ಮಾಡಿ, ಗ್ಯಾಸಿಗೆ ಹಾಕಿದ. ಕೆಮ್ಮಲಿಲ್ಲ. ಮೆತ್ತಗೆ ಗುನುಗಿತು.

"ಯಾರು ಮುಚ್ಚಿದ್ದು?" ಎಂದು ಕೇಳಿದ, ನಗು ತಡೆಯುತ್ತ.

ವಿರೂಪಾಕ್ಷ ನನ್ನ ಕಡೆ ನೋಡಿದ. ಮುಖವನ್ನಲ್ಲ, ಸ್ವಲ್ಪ ಕೆಳಗೆ. "ನಾನ," ಎಂದ. ಆಮೇಲೆ ಡಚ್ಚಿನಲ್ಲಿ, ತಾನೇ ಬಂಕಿನಲ್ಲಿ ಮುಚ್ಚಿದ್ದೆನೆಂದೂ ತಮ್ಮ ಮನೆಯ ರೂಢಿಯೆಂದೂ ವಿವರಿಸಿದ. ಶೂರ್ಡ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗಿದ್ದ ಹೆಂಡತಿಯನ್ನು ಕರೆದು ಹೇಳಿ, ಮತ್ತೆ ನಕ್ಕ. ನಾನು ಸುಮ್ಮನಿದ್ದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೀಗೆಂದು ಅಂದೂ ಹೇಳಿಕೊಂಡೆ.

ಶೂರ್ಡ್ ಮತ್ತೆ ಅಂಗೈ ಚಾಚಿದ. ವಿರೂಪಾಕ್ಷ ತನ್ನ ಕೈಗಳನ್ನು ಜೇಬಿಗೆ ಹಾಕಿಕೊಂಡ.

"ನಿಲ್ಲೂದು ನೋಡಿದ್ನಿ, ಯಾಕ ನಿಂತೈತಿ ಅನ್ನೂದೂ ನೋಡಿದ್ನಿ," ಎಂದ ನನಗೆ. "ಇದರ ರೋಗ ನನಗ ಗೊತ್ತೈತಿ. ಆ ಡೀಸೆಲ್‌ದು ಗೊತ್ತಿಲ್ಲ. ಒಂದು ರಬ್ಬರ್ ಹಾಕ್ಸಿದ್ರ ಆತು."

"ವೈಜ್ಞಾನಿಕವಾಗಿ ಇದು ಕಾರಣವೇ ಅಲ್ಲ ಕಣೋ. ಡೀಸೆಲ್ಲೇ ಸರಿ."

"ನೀ ಬಸ್ಸಿನ್ಯಾಗ ಬರ್ತಿ ಏನು ಹಂಗಾರ?"

ಹೊರಡುವಾಗ ಶೂರ್ಡ್ ಒಂದು ತುಂಡು ಚೀಸ್ ಕೊಟ್ಟು, "ಮುಚ್ಚಬೇಡಿ!" ಎಂದು ಕೂಗಿದ. ಮತ್ತೆ ಒಡ್ಡಿನ ಮೇಲೆ ಬಂದೆವು. ಮಧ್ಯಾಹ್ನದ ಬಿಸಿಲು ಮಂಜಿನೊಳಗೆ ಹಾಲಿನ ಹಾಗೆ ಹರಡಿತ್ತು. ಗೋಪುರ ಬಂತು, ಹಿಂದೆ ಸರಿಯಿತು. ತಿರುಗಿ ನೋಡಿದೆ, ನಾವು ನಿಂತಿದ್ದ ಜಾಗ ಯಾವುದೆಂದು ಗುರುತೇ ಇರಲಿಲ್ಲ.

"ಕೈಗವಸು ತಗಿಯೋ," ಎಂದ ವಿರೂಪಾಕ್ಷ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. "ಒಳಗ ಬೆಚ್ಚಗೈತಿ."

ತೆಗೆದು ಕೋಟಿನ ಜೇಬಿಗೆ ತುರುಕಿದೆ. ಅಲ್ಲಿಂದ ವಾಗೆನಿಂಗನ್‌ವರೆಗೆ ಅವಲಕ್ಕಿಯ ಡಬ್ಬಿ ನಮ್ಮಿಬ್ಬರ ನಡುವೆ ಓಡಾಡಿತು.

ರೆಗ್ಯುಲೇಟರಿಗೆ ಹೊಸ ರಬ್ಬರು ಬಿತ್ತು. ಆ ಬೇಸಿಗೆಯಲ್ಲಿ ಗಾಡಿ ನಾಲ್ಕೂ ಹೊಲಗಳಿಗೆ ಹೋಗಿ ಬಂತು. ಈರುಳ್ಳಿ ಕಿತ್ತ ದಿನವೇ ಪ್ರಯೋಗಾಲಯ ಸೇರಿತು. ಶರತ್ಕಾಲದಲ್ಲಿ ವಿರೂಪಾಕ್ಷ ಅದರ ಬೀಗದ ಕೈಯನ್ನು ಆ ಮುದುಕರಿಗೇ ವಾಪಸು ಕೊಟ್ಟು ಊರಿಗೆ ಹೋದ.

ಮರುವರ್ಷ ನಾನು ಮತ್ತೆ ಕೋಣೆ ಬದಲಿಸುವಾಗ ಆ ಕೋಟು ಪೆಟ್ಟಿಗೆಯಿಂದ ಹೊರಬಂತು. ಕೈಗವಸು ಜೇಬಿನಲ್ಲೇ ಇತ್ತು, ಅಂದು ತುರುಕಿದ ಹಾಗೆಯೇ ಮುದ್ದೆಯಾಗಿ. ಕಿಟಕಿಯ ಬೆಳಕಿಗೆ ಹಿಡಿದು ಬಿಡಿಸಿ ನೋಡಿದೆ. ಬಲಗೈಯದರ ಹೆಬ್ಬೆರಳಿನಲ್ಲೂ ತೋರುಬೆರಳಿನಲ್ಲೂ ಬೂದು ಉಣ್ಣೆಯ ಎಳೆಗಳ ನಡುವೆ ಕೆಂಪು ಬಣ್ಣ ಗಟ್ಟಿಯಾಗಿ ಹಿಡಿದಿತ್ತು.