ತೊಡೆಯ ಗಂಟು, ಜಯವ್ವನ ಅನುಮಾನ

ಮೋಟೆಬೆನ್ನೂರಿನ ಜಯವ್ವ ಯಾರನ್ನೂ ಒಂದೇ ಮಾತಿಗೆ ನಂಬಿದವಳಲ್ಲ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದರೆ, ಚೀಲದ ಬಾಯಲ್ಲಿದ್ದ ಕಾಯಿ ನೋಡದೆ ನೇರವಾಗಿ ತಳಕ್ಕೆ ಕೈ ಹಾಕುತ್ತಿದ್ದಳು. ಜೊತೆಯ ಹೆಂಗಸರು ಅವಳಿಗೆ ಸಿಐಡಿ ಎಂದೇ ಹೆಸರಿಟ್ಟಿದ್ದರು.

ದೀಪಾವಳಿ ಮುಗಿದ ಎರಡು ವಾರಕ್ಕೆ ಅವಳ ಗಂಡ ಹೊಳಿಯಪ್ಪನ ಬಲತೊಡೆಯಲ್ಲಿ ಗಂಟೊಂದು ಎದ್ದಿತು. ಸರಕಿನ ಆಟೋ ಓಡಿಸುವ ಆಳು, ಮೂವತ್ನಾಲ್ಕು ವಯಸ್ಸು. ಗಂಟು ಬೆಳೆಯುತ್ತ ಕಲ್ಲಿನಂತಾಯಿತು. ರಾಣೆಬೆನ್ನೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸರೇ ತೆಗೆದು, ಸೂಜಿಯಿಂದ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ವರದಿ ಬಂತು. ಡಾಕ್ಟರು ಹೊಳಿಯಪ್ಪನನ್ನು ಹೊರಗೆ ಕೂರಿಸಿ ಜಯವ್ವನನ್ನು ಒಳಗೆ ಕರೆದರು.

“ಎಲುಬು ಹುಟ್ಟಸೋ ಕ್ಯಾನ್ಸರ್ ಇದ್ದಂಗ ಐತಿ. ಕಾಲು ತಗೀಬೇಕಾಗಬಹುದು. ತಡಾ ಮಾಡಬ್ಯಾಡ್ರಿ.”

ಜಯವ್ವ ಅಳಲಿಲ್ಲ. “ಆ ಚೂರು ಇವರದ ಅಂತ ಹೆಂಗ ಗೊತ್ತು?” ಎಂದಳು.

“ಹೆಸರು ಬರದ ಕಳಿಸೇವ್ರಿ.”

ಅವಳಿಗೆ ಆ ಉತ್ತರ ಸಾಲಲಿಲ್ಲ. ಎಕ್ಸರೇ, ವರದಿ, ಚೂರು ಅಂಟಿಸಿದ್ದ ಗಾಜಿನ ಪಟ್ಟಿಗಳು ಎಲ್ಲವನ್ನೂ ಬೇಡಿ ತೆಗೆದುಕೊಂಡು, ಮರುದಿನವೇ ಗಂಡನೊಂದಿಗೆ ಹಾವೇರಿಯ ಬಸ್ಸು ಹತ್ತಿದಳು.

ಅಲ್ಲಿ ಸ್ಕ್ಯಾನ್ ನೋಡುವ ಡಾಕ್ಟರು ಹರಿಪ್ರಿಯಾ ಹೊಸದಾಗಿ ಸಿಟಿ ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲಿನ ಚಿತ್ರವನ್ನು ಹಿಂದೆ ಮುಂದೆ ಸರಿಸಿ ಎರಡೆರಡು ಸಲ ನೋಡಿದರು. ಅದೂ ಜಯವ್ವನಿಗೆ ಅನುಮಾನ ತಂದಿತು.

“ಇಲ್ಲಿ ನೋಡ್ರಿ,” ಎಂದರು ಕೊನೆಗೆ. “ಗಂಟಿನ ಅಂಚಿನಾಗ ಎಲುಬು ಚಿಪ್ಪಿನಂಗ ಕಟ್ಟೇತಿ, ನಡುವ ಮೆತ್ತಗ ಐತಿ. ಕ್ಯಾನ್ಸರ್ ಇದ್ರ ಸಾಮಾನ್ಯವಾಗಿ ಇದು ತಿರುಗಾಮುರುಗಾ ಇರತೈತಿ. ಪೆಟ್ಟು ತಿಂದ ಸ್ನಾಯುವಿನಾಗ ಹಿಂಗ ಎಲುಬು ಬೆಳೆಯೂದು ಅಪರೂಪ, ಆದ್ರ ಅದು ಕೆಟ್ಟದ್ದಲ್ಲ. ಇವರಿಗೆ ಏನರ ಪೆಟ್ಟು ಬಿದ್ದಿತ್ತೇನು?”

“ಇಲ್ರಿ,” ಎಂದ ಹೊಳಿಯಪ್ಪ, ನೆಲ ನೋಡುತ್ತ.

ಜಯವ್ವ ಅವನನ್ನೇ ನೋಡಿದಳು. ದೀಪಾವಳಿ ಪಾಡ್ಯದ ದಿನ, ಊರೂರಲ್ಲಿ ಹೋರಿ ಓಡಿಸುವ ಹಬ್ಬದಂದು, ಬೀಜ ತರುತ್ತೇನೆಂದು ಹಲಗೇರಿಗೆ ಹೋದವನು ಬರಿಗೈಯಲ್ಲಿ ಬಂದಿದ್ದ. ಹಾಕಿಕೊಂಡು ಹೋದ ಪ್ಯಾಂಟು ಮತ್ತೆ ಕಣ್ಣಿಗೆ ಬಿದ್ದಿರಲಿಲ್ಲ.

“ಆ ಪ್ಯಾಂಟ್ ಎಲ್ಲಿ ಹೋತು?”

ಅವನು ಕೈಯಿಂದ ತೊಡೆ ಮುಚ್ಚಿಕೊಂಡ.

“ಹೋರಿ ಹಿಡ್ಯಾಕ ಹೋಗಿದ್ದಿ ಹೌದಲ್ಲ?”

“ಹೌದು,” ಎಂದ. “ತೊಡಿಗೆ ಹಾಯ್ತು, ಪ್ಯಾಂಟ್ ಹರೀತು, ಬರೇ ಒಳಪೆಟ್ಟು. ನಿನ್ನ ಮುಂದ ಆಣಿ ಮಾಡಿದ್ದೆ, ಹೇಳಾಕ ಬಾಯಿ ಬರಲಿಲ್ಲ.”

ಮೂರು ವರ್ಷದ ಹಿಂದೆ ಜಯವ್ವನ ತಮ್ಮ ಹೋರಿಯ ಕಾಲಡಿ ಸಿಕ್ಕು ಸತ್ತಿದ್ದ. ಆಗ ಮಾಡಿದ ಆಣೆ ಅದು. ಅವನು ಅದನ್ನು ಮುರಿದದ್ದಕ್ಕಿಂತ, ಕಾಲೇ ಹೋಗುವ ಹೊತ್ತಿನಲ್ಲೂ ಬಾಯಿ ಬಿಡದಿದ್ದದ್ದು ಅವಳನ್ನು ಹೆಚ್ಚು ನೋಯಿಸಿತು.

ಹರಿಪ್ರಿಯಾ ದಿನ ಎಣಿಸಿದರು. ಚೂರು ತೆಗೆದದ್ದು ಪೆಟ್ಟಾದ ನಾಲ್ಕನೇ ವಾರ. ಆಗ ಗಂಟಿನ ನಡುಭಾಗದ ಜೀವಕೋಶಗಳು ಕ್ಯಾನ್ಸರಿನಂತೆಯೇ ಕಾಣುತ್ತವೆ, ಪೆಟ್ಟಿನ ಸುದ್ದಿ ತಿಳಿಯದಿದ್ದರೆ ನೋಡಿದವರು ಮೋಸ ಹೋಗುತ್ತಾರೆ ಎಂದು ವಿವರಿಸಿದರು. ಗಾಜಿನ ಪಟ್ಟಿಗಳನ್ನು ಎಲುಬಿನ ಗಂಟು ನೋಡುವ ಹಿರಿಯ ಡಾಕ್ಟರೊಬ್ಬರಿಗೆ ಕಳಿಸಿ, ತಿಂಗಳು ಬಿಟ್ಟು ಬರಲು ಹೇಳಿದರು. ಅಲ್ಲಿಯವರೆಗೆ ತಿಕ್ಕುವುದು, ಕೊಯ್ಯುವುದು ಬೇಡ.

ಆ ತಿಂಗಳು ಜಯವ್ವ ಹರಿಪ್ರಿಯಾರನ್ನೂ ಪೂರಾ ನಂಬಲಿಲ್ಲ. ಈ ಡಾಕ್ಟರೇ ತಪ್ಪಿದ್ದರೆ? ದಿನಾ ಬೆಳಿಗ್ಗೆ ದಾರ ಸುತ್ತಿ ಗಂಡನ ತೊಡೆ ಅಳೆದಳು, ದಾರದ ಮೇಲೆ ಮಸಿಯಿಂದ ಗುರುತು ಹಾಕಿದಳು. ಗುರುತು ಮುಂದಕ್ಕೆ ಹೋಗಲಿಲ್ಲ. ಮೂರನೇ ವಾರಕ್ಕೆ ಒಂದು ನೂಲಿನಷ್ಟು ಹಿಂದೆ ಬಂತು. ಅವಳು ಬಿಚ್ಚಿ ಮತ್ತೊಮ್ಮೆ ಅಳೆದಳು.

ಹಿರಿಯರ ಉತ್ತರ ಬಂತು: ಕ್ಯಾನ್ಸರ್ ಅಲ್ಲ. ಹೊಸ ಸ್ಕ್ಯಾನಿನಲ್ಲಿ ಚಿಪ್ಪು ಇನ್ನಷ್ಟು ಗಟ್ಟಿಯಾಗಿತ್ತು, ನೋವೂ ಇಳಿದಿತ್ತು. ಸುದ್ದಿ ತಿಳಿದ ರಾಣೆಬೆನ್ನೂರಿನ ಡಾಕ್ಟರು ತಾವೇ ಫೋನ್ ಮಾಡಿ, “ಪೆಟ್ಟಿನ ವಿಷಯಾ ನಾ ಒತ್ತಿ ಕೇಳಬೇಕಿತ್ತವ್ವ,” ಎಂದರು. ಜಯವ್ವ ಆ ಮಾತನ್ನು ನಂಬಿದಳು.

ಭಯ ಕಳೆದ ಮೇಲೆ, ಮುಚ್ಚಿಟ್ಟದ್ದಕ್ಕೆ ಗಂಡನೊಂದಿಗೆ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ ಅವನು ಕುಂಟದೆ ಅಂಗಳ ದಾಟಿ ಆಟೋ ಹತ್ತಿದ.

“ಎಲ್ಲಿಗೆ?” ಎಂದಳು.

“ಕುಮಾರಪಟ್ಟಣಕ್ಕ, ಬಾಡಿಗಿ ಐತಿ.”

“ತಡೀ, ನಾನೂ ಬರತೇನಿ,” ಎಂದು ಜಯವ್ವ ಚಪ್ಪಲಿ ಮೆಟ್ಟಿದಳು.