ಸಾವಂತ್ರೆವ್ವನ ಬಟ್ಟಲು

ಸಾವಂತ್ರೆವ್ವನ ಜೊತೆ ನಾನು ಜಗಳವಾಡದ ವಾರವಿಲ್ಲ. ಗೋವಾದ ಮಡ್ಕಯಿಯಲ್ಲಿ ನಮ್ಮಿಬ್ಬರ ಬಾಡಿಗೆ ಖೋಲಿಗಳ ನಡುವೆ ಇರುವುದು ಒಂದೇ ಗೋಡೆ. ನಾನು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು, ಆಕೆಯ ಮಗ ದೇವು ಅಲ್ಲೇ ಮಷೀನು ನಡೆಸುತ್ತಾನೆ. ಮೊದಲು ಅವರಿದ್ದದ್ದು ಇಲ್ಲೇ ಗೋವಾದ ಸಮುದ್ರದಂಡೆಯ ಬಾಯ್ನಾದಲ್ಲಿ. ಗಂಡ ಯಮನೂರಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ, ಈಕೆ ಮೀನು ಆರಿಸುತ್ತಿದ್ದಳು. ಅಲ್ಲಿನ ಮನೆಗಳನ್ನು ಕೆಡವಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಇತ್ತ ಬಂದರು. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಆದರೂ ಯಾರ ಮನೆಯಲ್ಲಿ ಜ್ವರವೆಂದರೂ ಗಂಜಿ ಹಿಡಿದು ಮೊದಲು ಬರುವವಳು ಅವಳೇ. ದೇವುಗಿಂತ ಮುಂಚೆ ಹುಟ್ಟಿದ ಹೆಣ್ಣುಕೂಸು ತಿಂಗಳು ತುಂಬುವ ಮೊದಲೇ ಹೋಯಿತೆಂದು ಒಮ್ಮೆ ಹೇಳಿದ್ದಳು. ಮತ್ತೆ ಆ ಮಾತೆತ್ತಲಿಲ್ಲ.

ಸೊಸೆ ಗೀತಾಂಜಲಿಗೆ ಫಿಟ್ಸ್ ಇದೆ. ದಿನಕ್ಕೆರಡು ಗುಳಿಗೆ. ಬಸುರಿಯಿದ್ದಾಗಲೂ ನುಂಗಿದಳು, ಹೆರಿಗೆಯಾದ ಮೇಲೂ ಬಿಡಬಾರದೆಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಕೂಸಿಗೆ ಇಪ್ಪತ್ತು ದಿನವಾದಾಗ ಅದೊಂದು ಮಧ್ಯಾಹ್ನ ತುಸು ಹೆಚ್ಚು ಹೊತ್ತು ಮಲಗಿತು. ಸಾವಂತ್ರೆವ್ವನಿಗೆ ಅಷ್ಟೇ ಸಾಕಾಯಿತು.

"ಗುಳಿಗಿ ಹಾಲಿನಾಗ ಇಳದೈತಿ," ಎಂದವಳೇ ಸೊಸೆಯಿಂದ ಬಟ್ಟಲಿಗೆ ನಾಲ್ಕು ಹನಿ ಎದೆಹಾಲು ಹಿಂಡಿಸಿ, ಹೊಸ್ತಿಲ ಮೇಲೆ ಹರಿಯುತ್ತಿದ್ದ ಇರುವೆಯೊಂದನ್ನು ಹಿಡಿದು ಅದರಲ್ಲಿ ಬಿಟ್ಟಳು. ಇರುವೆ ದಾಟಿ ಹೊರಬಂದರೆ ಹಾಲು ಚೊಕ್ಕ, ಸತ್ತರೆ ನಂಜು. ಇದು ಆಕೆಗೆ ತನ್ನ ಅತ್ತೆಯಿಂದ ಬಂದ ಪರೀಕ್ಷೆ. ಇರುವೆ ಸತ್ತಿತು.

"ಇರುವಿಗೆ ಈಸಾಕ ಬರದಿದ್ರ ಅದು ಗುಳಿಗಿ ತಪ್ಪೇನ್ರಿ?" ಎಂದೆ.

"ನೀ ಹಡದೀಯೇನು? ಸುಮ್ಮನ ಕೂಡ್ರು," ಎಂದಳು. ಹದಿನೈದು ವರ್ಷ ದೇವರಿಗೆ ಹರಕೆ ಹೊತ್ತು ಬರಿಗೈಲಿ ಕೂತವಳಿಗೆ ಆಡುವ ಮಾತೇ ಅದು? ಸಿಟ್ಟು ನೆತ್ತಿಗೇರಿತು, ಎರಡು ದಿನ ಆ ಕಡೆ ಕಾಲಿಡಲಿಲ್ಲ. ಹೋಗಬೇಕಿತ್ತು.

ಹಾಲು ಬಿಡಿಸಬೇಕು, ಇಲ್ಲವೇ ಗುಳಿಗೆ ಬಿಡಬೇಕು ಎಂದು ಅತ್ತೆ ಹಟ ಹಿಡಿದಾಗ ಗೀತಾಂಜಲಿ ಗುಳಿಗೆಯನ್ನೇ ಬಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಹಾಲೂಡಿಸುತ್ತಿದ್ದಾಗ ಅವಳ ಕೈ ಒಮ್ಮೆಲೇ ಜಗ್ಗಿ, ಕೂಸು ತೊಡೆಯಿಂದ ಜಾರಿತು. ಪುಣ್ಯಕ್ಕೆ ಸಾವಂತ್ರೆವ್ವ ಪಕ್ಕದಲ್ಲೇ ಇದ್ದಳು, ಹಿಡಿದುಕೊಂಡಳು. ಕೂಗು ಕೇಳಿ ನಾನು ಓಡಿದೆ. ಗೀತಾಂಜಲಿ ಬೆವೆತು ಗೋಡೆಗೆ ಒರಗಿದ್ದಳು; ಗುಳಿಗೆ ಬಿಟ್ಟ ವಿಷಯ ಅವಳೇ ಹೇಳಿದಳು.

"ದವಾಖಾನಿಗೆ ನಡೀರಿ. ಗುಳಿಗಿ ಬಿಟ್ಟಿದ್ದಕ್ಕ ಹಿಂಗಾಗೇತಿ."

"ಇರುವಿ ಸತ್ತಿದ್ದು ನೀನ ನೋಡೀಯಲ್ಲ, ಮೀನಾಕ್ಷಿ."

"ಹಂಗಾರ ಈಗೂ ಒಂದು ಬಿಡ್ರಿ! ಮೂರು ದಿನದಿಂದ ಗುಳಿಗಿ ಇಲ್ಲಲ್ಲ, ನೋಡೇಬಿಡೂಣು."

ಸಾವಂತ್ರೆವ್ವ ಮತ್ತೆ ಹಾಲು ಹಿಂಡಿಸಿ ಇರುವೆ ಬಿಟ್ಟಳು. ಸತ್ತಿತು. ಇನ್ನೊಂದು ಹಿಡಿದು ತಂದಳು. ಅದೂ ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಯಿತು. ನಾನು ಗೆದ್ದೆನೆಂದು ಬೀಗಬೇಕೆಂದಿದ್ದೆ, ಆಕೆಯ ಮುಖ ನೋಡಿ ಗೀತಾಂಜಲಿಯ ಬೆವರು ಒರೆಸಲು ಹೋದೆ. ಸಾವಂತ್ರೆವ್ವ ಬಟ್ಟಲನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು ಕೂಸನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು, "ನಡೀರಿ," ಎಂದಳು.

ಡಾಕ್ಟರಮ್ಮ ಗೋವಾದವರೇ, ನಮ್ಮಂಥ ರೋಗಿಗಳಿಂದ ಕಲಿತ ಹರಕುಮುರುಕು ಕನ್ನಡ. ಕೂಸನ್ನು ತೂಗಿದರು, ತೂಕ ಏರಿತ್ತು. ಈ ಗುಳಿಗೆ ಹಾಲಿನಲ್ಲಿ ಹೋಗುವುದು ತೀರ ಸ್ವಲ್ಪ, ಹಾಲೂ ಕೊಡಬೇಕು, ಗುಳಿಗೆಯನ್ನೂ ನುಂಗಬೇಕು ಎಂದರು. ಕೂಸು ಎಬ್ಬಿಸಿದರೂ ಏಳದೆ ಹಾಲು ಬಿಟ್ಟರೆ ಮಾತ್ರ ತಕ್ಷಣ ತರಬೇಕಂತೆ. ತಮ್ಮನ್ನು ಕೇಳದೆ ಔಷಧ ನಿಲ್ಲಿಸಿದ್ದಕ್ಕೆ ಮೂವರಿಗೂ ಬೈದರು. ಗೀತಾಂಜಲಿ ಅಲ್ಲೇ ಗುಳಿಗೆ ನುಂಗಿದಳು.

ನಾವು ಎದ್ದೆವು. ಸಾವಂತ್ರೆವ್ವ ಏಳಲಿಲ್ಲ.

"ಡಾಕ್ಟರ್ರೀ, ಜ್ವರದ ಗುಳಿಗಿ ನುಂಗಿದ ಬಾಣಂತಿ ಹಾಲು ಕೊಡಬೌದೇನ್ರಿ?"

"ಸಾದಾ ಜ್ವರದ್ದಾದ್ರೆ ಕೊಡಬಹುದು. ಯಾರಿಗೆ ಜ್ವರ?"

"ನನಗ್ರಿ. ಆವಾಗ, ಬಾಯ್ನಾದಾಗ, ಹೆಣ್ಣುಕೂಸು ಇದ್ದಾಗ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇರುವಿ ಸತ್ತಿತಂತ ನಮ್ಮತ್ತಿ ಹಾಲು ಬಿಡಿಸಿದ್ಲು. ಸಕ್ಕರಿ ನೀರು ಹಾಕಿದ್ವಿ. ಕೂಸು ಅತ್ತಾಗೊಮ್ಮೆ ಎದಿ ತುಂಬಿ ಕುಬಸ ತೊಯ್ತಿತ್ರಿ. ಮಗ್ಗಲದಾಗ ಇತ್ತು, ನಾ ಕುಡಸಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಗೀತಾಂಜಲಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಪಕ್ಕದಲ್ಲಿ ಕೂತಳು.